ಸ್ಕ್ರೀನ್ ತಾನೇ ಓಡುತ್ತೆ, ಟ್ಯಾಬ್ ಚಾರ್ಜ್ ಏರಲ್ಲ: ಹೊಸದು ಕೊಳ್ಳುವ ಮೊದಲು ಚಾರ್ಜರ್ ನೋಡಿ

ಪ್ರಶ್ನೆ: ನಮ್ಮದು ಮುಳಬಾಗಿಲು ತಾಲ್ಲೂಕಿನ ಹಳ್ಳಿ. ಟೊಮೆಟೊ ಬೆಳೆಯುತ್ತೇವೆ. ಮನೆಯಲ್ಲಿ ಮೂರು ವರ್ಷ ಹಳೆಯ ಆಂಡ್ರಾಯ್ಡ್ ಫೋನ್ ಇದೆ, ಮಗಳ ಓದಿಗೆ ಅಂತ ಒಂದು ಟ್ಯಾಬ್ ಇದೆ. ಫೋನು ತೋಟದಲ್ಲಿ ಕೈ ಸುಡುವಷ್ಟು ಬಿಸಿಯಾಗುತ್ತೆ, ಮಧ್ಯಾಹ್ನಕ್ಕೇ ಚಾರ್ಜ್ ಖಾಲಿ. ಚಾರ್ಜಿಗೆ ಹಾಕಿದರೆ ಸ್ಕ್ರೀನ್ ತಾನಾಗೇ ಓಡುತ್ತೆ, ನಾವು ಮುಟ್ಟದಿದ್ದರೂ ಏನೇನೋ ತೆರೆದುಕೊಳ್ಳುತ್ತೆ. ಸ್ಟೋರೇಜ್ ಫುಲ್ ಅಂತ ಬರ್ತಾನೇ ಇರುತ್ತೆ, ದುಡ್ಡು ಕಳಿಸುವಾಗ ಹ್ಯಾಂಗ್ ಆಗುತ್ತೆ. ಕಾಲ್ ಮಾಡಿದರೆ ಸ್ಕ್ರೀನ್ ಕಪ್ಪಾಗಿ ಕಟ್ ಮಾಡೋಕೂ ಆಗಲ್ಲ. ಟ್ಯಾಬ್ ರಾತ್ರಿಯೆಲ್ಲಾ ಹಾಕಿದರೂ ಅರ್ಧ ತುಂಬಲ್ಲ. ಎರಡಕ್ಕೂ ಒಂದೇ ಚಾರ್ಜರ್, ಸಂತೆಯಲ್ಲಿ ತಂದದ್ದು. ಒಂದು ಅಂಗಡಿಯಲ್ಲಿ ಡಿಸ್‌ಪ್ಲೇ ಹೋಗಿದೆ ಅಂದರು, ಇನ್ನೊಂದರಲ್ಲಿ ಫಾರ್ಮ್ಯಾಟ್ ಮಾಡಿಸಿ ಅಂದರು. ವಡ್ಡಹಳ್ಳಿ ಮಾರುಕಟ್ಟೆ ರೇಟ್ ನೋಡೋದು, ದುಡ್ಡು ಬರೋದು ಎಲ್ಲಾ ಇದರಲ್ಲೇ. ಹೊಸ ಫೋನೇ ತಗೋಬೇಕಾ ಸರ್?

ಉತ್ತರ: ಅಕ್ಕಾ, ಈಗಲೇ ಹೊಸದು ತಗೋಬೇಡಿ. ಡಿಸ್‌ಪ್ಲೇನೂ ಹಾಕಿಸಬೇಡಿ. ಫೋನಿನಲ್ಲಿರುವುದನ್ನೆಲ್ಲಾ ಅಳಿಸುವ ಫಾರ್ಮ್ಯಾಟ್ ಅಂತೂ ಸದ್ಯಕ್ಕೆ ಬೇಡವೇ ಬೇಡ.

ನೀವು ಬರೆದಿರುವ ತೊಂದರೆ ಒಂದಲ್ಲ ಎರಡಲ್ಲ. ಆದರೆ ಅಷ್ಟಕ್ಕೂ ಬೇರೆ ಬೇರೆ ಕಾರಣ ಇದ್ದ ಹಾಗೆ ನನಗೆ ಕಾಣುವುದಿಲ್ಲ. ನಡುವೆ ನೀವು ಒಂದು ಮಾತು ಸೇರಿಸಿದ್ದೀರಿ: ಎರಡಕ್ಕೂ ಒಂದೇ ಚಾರ್ಜರ್, ಸಂತೆಯಲ್ಲಿ ತಂದದ್ದು. ಕೋಲಾರದಲ್ಲಿ ಫೋನ್ ರಿಪೇರಿ ಮಾಡಿಕೊಂಡು ಬಂದಿರುವ ನನಗೆ ಮೊದಲ ಅನುಮಾನ ಅದರ ಮೇಲೇ. ಸ್ಕ್ರೀನ್ ತಾನೇ ಓಡುವುದು, ಟ್ಯಾಬ್ ಏರದಿರುವುದು, ಈ ಎರಡೂ ಆ ಒಂದು ಚಾರ್ಜರಿನ ಕೆಲಸ ಆಗಿರಬಹುದು.

ಪರೀಕ್ಷೆ ಮಾಡುವಾಗ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಚಾರ್ಜರ್ ಬದಲಾಯಿಸಿದರೆ ಕೇಬಲ್ ಹಳೆಯದೇ ಇರಲಿ. ಕೇಬಲ್ ಬದಲಾಯಿಸಿದರೆ ಚಾರ್ಜರ್ ಹಳೆಯದೇ ಇರಲಿ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ತೊಂದರೆ ಹೋಗಬಹುದು, ಆದರೆ ಕೆಟ್ಟಿದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಗೊತ್ತಾಗದೆ ಇದ್ದರೆ ನಾಳೆ ಮತ್ತೆ ಅದೇ ಕಥೆ.

ಮೊದಲು ಸ್ಕ್ರೀನ್ ವಿಷಯ. ನಮ್ಮ ಫೋನಿನ ಸ್ಕ್ರೀನ್ ಬೆರಳಿನ ಒತ್ತಡವನ್ನು ಲೆಕ್ಕ ಮಾಡುವುದಿಲ್ಲ. ಗಾಜಿನ ಕೆಳಗೆ ಕಣ್ಣಿಗೆ ಕಾಣದ ತೆಳು ಗೆರೆಗಳಿವೆ, ಅವುಗಳಲ್ಲಿ ತುಂಬಾ ಕಡಿಮೆ ವಿದ್ಯುತ್ ಇರುತ್ತದೆ. ಬೆರಳು ಹತ್ತಿರ ಬಂದರೆ ಅದರಲ್ಲಿ ಸ್ವಲ್ಪ ಏರುಪೇರಾಗುತ್ತದೆ. ಆ ಏರುಪೇರನ್ನೇ ಫೋನು 'ಇಲ್ಲಿ ಬೆರಳಿಟ್ಟರು' ಅಂತ ತಿಳಿಯುತ್ತದೆ. ಒಳ್ಳೆಯ ಚಾರ್ಜರ್ ಗೋಡೆಯ 230 ವೋಲ್ಟ್ ಕರೆಂಟನ್ನು ಇಳಿಸಿ, ಸೋಸಿ, ಶುದ್ಧ ಮಾಡಿ ಫೋನಿಗೆ ಕೊಡುತ್ತದೆ. ಅಗ್ಗದ ಚಾರ್ಜರಿನಲ್ಲಿ ಈ ಸೋಸುವ ಭಾಗಕ್ಕೇ ಕತ್ತರಿ ಹಾಕಿರುತ್ತಾರೆ. ಆಗ ಏರುಪೇರು ಚಾರ್ಜರಿನಿಂದಲೇ ಬರುತ್ತದೆ, ಫೋನು ಅದನ್ನು ಬೆರಳು ಅಂದುಕೊಳ್ಳುತ್ತದೆ. ಸ್ಕ್ರೀನ್ ತಾನೇ ಓಡುವುದು ಹೀಗೆ.

ಪರೀಕ್ಷೆ ಬಹಳ ಸುಲಭ. ಸ್ಕ್ರೀನ್ ಓಡುತ್ತಿರುವಾಗಲೇ ಚಾರ್ಜರ್ ಕಿತ್ತುಬಿಡಿ. ಕಿತ್ತ ತಕ್ಷಣ ನಿಂತರೆ ಡಿಸ್‌ಪ್ಲೇ ಚೆನ್ನಾಗಿದೆ ಅಂತಲೇ ಲೆಕ್ಕ. ನೆಂಟರ ಮನೆಯಲ್ಲೋ ಪಕ್ಕದ ಮನೆಯಲ್ಲೋ ಫೋನಿನ ಜೊತೆ ಬಂದ ಕಂಪನಿ ಚಾರ್ಜರ್ ಇದ್ದರೆ ಒಂದು ಗಂಟೆ ಕೇಳಿ ತಂದು ಅದೇ ಪ್ಲಗ್ಗಿಗೆ ಹಾಕಿ ನೋಡಿ. ಆಗಲೂ ಸರಿಯಾಗಿದ್ದರೆ ಸಂತೆಯ ಚಾರ್ಜರನ್ನು ಮನೆಯಿಂದ ಆಚೆ ಹಾಕಿ. ಚಾರ್ಜರ್ ಕಿತ್ತ ಮೇಲೂ ಓಡುತ್ತಿದ್ದರೆ ಸ್ಕ್ರೀನ್ ಗಾರ್ಡ್ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ ನೋಡಿ. ಬೆವರು, ಔಷಧಿ ಹೊಡೆದ ಕೈಯ ಪಸೆ, ನೀರಿನ ಹನಿ, ಇವೆಲ್ಲ ಸ್ಕ್ರೀನನ್ನು ತಪ್ಪು ದಾರಿ ಹಿಡಿಸುತ್ತವೆ. ಇಷ್ಟಾದ ಮೇಲೂ ನಿಲ್ಲದಿದ್ದರೆ ಮಾತ್ರ ಡಿಸ್‌ಪ್ಲೇ ಮಾತು.

ಚಾರ್ಜರ್ ಕಿತ್ತು ನೋಡದೆ ಡಿಸ್‌ಪ್ಲೇ ಬದಲಾಯಿಸಲು ಯಾರಾದರೂ ಹೇಳಿದರೆ ನನಗೆ ನಿಜಕ್ಕೂ ಬೇಸರ ಆಗುತ್ತದೆ. ಇಡೀ ರಿಪೇರಿಯಲ್ಲಿ ಡಿಸ್‌ಪ್ಲೇಯಷ್ಟು ದುಬಾರಿ ಭಾಗ ಕಡಿಮೆ. ಟೊಮೆಟೊ ರೇಟ್ ಬಿದ್ದಿರುವ ವಾರದಲ್ಲಿ ಎಷ್ಟು ಬಾಕ್ಸ್ ಮಾರಿದರೆ ಆ ದುಡ್ಡು ಬರುತ್ತದೆ ಅಂತ ನಿಮಗೇ ಗೊತ್ತು.

ಇನ್ನು ಟ್ಯಾಬ್. ಆ ಚಾರ್ಜರನ್ನು ಕೈಗೆ ತೆಗೆದುಕೊಂಡು ಹಿಂದೆ ಓದಿ. ಅಕ್ಷರ ತೀರಾ ಸಣ್ಣದು, ಅದಕ್ಕೆ ಫೋನಿನಲ್ಲಿ ಒಂದು ಫೋಟೊ ತೆಗೆದು ದೊಡ್ಡದು ಮಾಡಿಕೊಂಡು ನೋಡಿ. 'ಇನ್‌ಪುಟ್' ಅನ್ನುವ ಸಾಲು ಬಿಡಿ. 'ಔಟ್‌ಪುಟ್' ಅನ್ನುವ ಸಾಲಿನಲ್ಲಿ 5 ವೋಲ್ಟ್, 1 ಆಂಪಿಯರ್ ಅಂತ ಇದ್ದರೆ ಎರಡನ್ನೂ ಗುಣಿಸಿ: 5 ವ್ಯಾಟ್. 5 ವೋಲ್ಟ್ 2 ಆಂಪಿಯರ್ ಆದರೆ 10 ವ್ಯಾಟ್. 9 ವೋಲ್ಟ್ 2 ಆಂಪಿಯರ್ ಅಂತಲೂ ಇದ್ದರೆ 18 ವ್ಯಾಟ್.

ಈಗಿನ ಫೋನುಗಳ ಬ್ಯಾಟರಿ ಸುಮಾರು 5000 ಎಂಎಎಚ್ ಇರುತ್ತದೆ (ಬ್ಯಾಟರಿ ಎಷ್ಟು ಹಿಡಿಸುತ್ತದೆ ಅನ್ನುವ ಅಳತೆ ಇದು). ಟ್ಯಾಬ್‌ಗಳಲ್ಲಿ 7000, 8000 ಸಾಮಾನ್ಯ. ಅಷ್ಟು ದೊಡ್ಡ ಬ್ಯಾಟರಿಗೆ 5 ವ್ಯಾಟ್ ಚಾರ್ಜರ್ ಹಾಕಿದರೆ, ಟ್ಯಾಬ್ ಮುಟ್ಟದೆ ಇಟ್ಟರೂ ತುಂಬಲು ಕಡಿಮೆ ಅಂದರೂ ಆರೇಳು ಗಂಟೆ ಬೇಕು. ಚಾರ್ಜರ್ ಮೇಲೆ 2 ಆಂಪಿಯರ್ ಅಂತ ಬರೆದು ಒಳಗೆ ಅದರ ಕಾಲು ಭಾಗ ಮಾತ್ರ ಕೊಡುವ ಮಾಲೂ ಸಂತೆಯಲ್ಲಿ ಬರುತ್ತದೆ. ಆಗ ಒಂದು ರಾತ್ರಿ ಸಾಲುವುದಿಲ್ಲ. ರಾತ್ರಿ ಕರೆಂಟು ಹೋಗಿ ಬಂದು ಮಾಡಿದರೆ ಇನ್ನೂ ಕಡಿಮೆ. ಮಗಳು ಚಾರ್ಜಿಗೆ ಹಾಕಿಕೊಂಡೇ ವಿಡಿಯೊ ಪಾಠ ನೋಡಿದರೆ ಬಂದಷ್ಟೂ ಅಲ್ಲಿಗೇ ಖರ್ಚು.

ಚಾರ್ಜರ್ ಒಳ್ಳೆಯದಿದ್ದೂ ಏರದಿದ್ದರೆ ಕೇಬಲ್ ನೋಡಿ. ಬೋರ್‌ವೆಲ್ ಮೋಟಾರ್ ಎಷ್ಟು ದೊಡ್ಡದಿದ್ದರೂ ಪೈಪು ಸಣ್ಣದಾದರೆ ನೀರು ಅಷ್ಟೇ ಅಲ್ವಾ, ಇಲ್ಲೂ ಹಾಗೆಯೇ. ಒಳಗಿನ ತಾಮ್ರದ ಎಳೆ ತೆಳ್ಳಗಿದ್ದರೆ ಕರೆಂಟು ದಾರಿಯಲ್ಲೇ ಸೋರಿ ಕೇಬಲ್ ಬಿಸಿಯಾಗುತ್ತದೆ. ಪಿನ್ನಿನ ಹತ್ತಿರ ಬಾಗಿ ಬಾಗಿ ಒಳಗೇ ಅರ್ಧ ತುಂಡಾಗಿರುವುದೂ ಉಂಟು. ಕೇಬಲನ್ನು ಒಂದು ಕಡೆ ತಿರುಚಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತದೆ ಅನ್ನುವವರು ಹೊಸ ಕೇಬಲ್ ತಂದುಬಿಡಿ.

ಹೊಸ ಚಾರ್ಜರ್ ತರುವಾಗ ಹೀಗೆ ಮಾಡಿ. ನಮ್ಮ ದೇಶದಲ್ಲಿ ಮಾರುವ ಮೊಬೈಲ್ ಚಾರ್ಜರಿಗೆ ಬಿಐಎಸ್, ಅಂದರೆ ಸರ್ಕಾರದ ಗುಣಮಟ್ಟ ಸಂಸ್ಥೆಯ ನೋಂದಣಿ ಕಡ್ಡಾಯ. ಚಾರ್ಜರಿನ ಮೈಮೇಲೆ ಆ ಮುದ್ರೆ, ಜೊತೆಗೆ ಆರ್ ಅಕ್ಷರದಿಂದ ಶುರುವಾಗುವ ಒಂದು ನಂಬರ್ ಇರಬೇಕು. 'ಬಿಐಎಸ್ ಕೇರ್' ಅನ್ನುವ ಸರ್ಕಾರದ ಆ್ಯಪ್ ಇದೆ. ಅದರಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿಗೆ ಕೊಟ್ಟದ್ದು ಅಂತ ಬರುತ್ತದೆ. ಚಾರ್ಜರಿನ ಮೇಲಿರುವ ಬ್ರ್ಯಾಂಡ್ ಹೆಸರು ಆ್ಯಪಿನ ವಿವರದಲ್ಲಿ ಎಲ್ಲೂ ಬರದಿದ್ದರೆ ವಾಪಸ್ ಕೊಡಿ. ಟ್ಯಾಬಿಗೂ ಫೋನಿಗೂ ಎರಡಕ್ಕೂ ಆಗುವಂಥ ಒಂದೇ ಒಳ್ಳೆಯ ಚಾರ್ಜರ್ ಸಾಕು. ದೊಡ್ಡ ವ್ಯಾಟಿನ ಚಾರ್ಜರ್ ಹಾಕಿದರೆ ಫೋನು ಸುಟ್ಟುಹೋಗುತ್ತದೆ ಅನ್ನುವ ಹೆದರಿಕೆ ಬೇಡ. ಸರಿಯಾದ ಚಾರ್ಜರ್ ಆದರೆ ಫೋನು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ.

ಚಾರ್ಜರ್, ಕೇಬಲ್ ಎರಡೂ ಸರಿ ಇದ್ದರೆ ಮೂರನೆಯದು ಚಾರ್ಜಿಂಗ್ ಜಾಕ್. ನಮ್ಮ ಕಡೆ ಇದು ತುಂಬಾ ಆಗುತ್ತದೆ, ಕೆಂಪು ಮಣ್ಣಿನ ಧೂಳು ಜಾಸ್ತಿ. ಜೇಬಿನ ನೂಲು, ಧೂಳು ಎರಡೂ ಸೇರಿ ಜಾಕಿನ ತಳದಲ್ಲಿ ಗಟ್ಟಿ ಪದರ ಕಟ್ಟುತ್ತದೆ. ಒಂದೊಂದು ಸಲ ಕೇಬಲ್ ಚುಚ್ಚಿದಾಗ 'ಟಕ್' ಅಂತ ಕೂರುವುದಿಲ್ಲ, ಪಿನ್ನು ಸ್ವಲ್ಪ ಹೊರಗೇ ನಿಂತಿರುತ್ತದೆ. ಇದೇ ಗುರುತು. ಫೋನು ಸ್ವಿಚ್ ಆಫ್ ಮಾಡಿ. ಇನ್ನೊಂದು ಫೋನಿನ ಟಾರ್ಚ್ ಹಾಕಿ ಜಾಕ್ ಒಳಗೆ ನೋಡಿ. ಮರದ ಹಲ್ಲುಕಡ್ಡಿಯ ತುದಿಯನ್ನು ಬ್ಲೇಡಿನಿಂದ ಚಪ್ಪಟೆ ಮಾಡಿಕೊಂಡು, ಜಾಕಿನ ಒಳ ಅಂಚಿನಿಂದ ಮೆಲ್ಲಗೆ ಕೆರೆದು ಹೊರಗೆ ಎಳೆಯಿರಿ. ನಡುವೆ ಒಂದು ತೆಳು ನಾಲಿಗೆಯಂಥ ಭಾಗ ಇರುತ್ತದೆ, ಅದಕ್ಕೆ ಒತ್ತಬೇಡಿ. ಪಿನ್ನು, ಸೂಜಿ, ಹೇರ್‌ಪಿನ್ ಹಾಕಲೇಬೇಡಿ. ಬಾಯಿಂದ ಊದಬೇಡಿ, ಉಸಿರಿನ ತೇವ ಒಳಗೆ ಹೋಗುತ್ತದೆ. ಹೊರಗೆ ಬರುವ ಕಸ ನೋಡಿದರೆ ಇಷ್ಟೊಂದು ಇತ್ತಾ ಅನ್ನಿಸುತ್ತದೆ.

ಜಾಕಿಗೆ ನೀರು ಹೋಗಿದ್ದರೆ ಕ್ರಮ ಬೇರೆ. ಕೆಲವು ಫೋನುಗಳು ನೀರಿನ ಹನಿಯ ಚಿತ್ರ ತೋರಿಸಿ ಚಾರ್ಜ್ ನಿಲ್ಲಿಸುತ್ತವೆ. ಆಗ ಬಲವಂತ ಮಾಡಬೇಡಿ. ಜಾಕ್ ಕೆಳಮುಖ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ, ಗಾಳಿಯಾಡುವ ಕಡೆ ಬಿಡಿ. ಅಕ್ಕಿ ಡಬ್ಬದಲ್ಲಿ ಹೂಳುವ ರೂಢಿ ಇದೆಯಲ್ಲ, ಅದು ಬೇಡ. ಅಕ್ಕಿಯ ಸಣ್ಣ ತುಣುಕು, ಹಿಟ್ಟು ಒಳಗೆ ಸೇರಿ ಇನ್ನಷ್ಟು ಕೆಡಿಸುತ್ತದೆ. ಆ್ಯಪಲ್ ಕಂಪನಿ ಕೂಡ ಅಕ್ಕಿಯಲ್ಲಿ ಇಡಬೇಡಿ ಅಂತ ಬರೆದೇ ಹೇಳಿದೆ.

ಈಗ ಬಿಸಿ ಮತ್ತು ಮಧ್ಯಾಹ್ನಕ್ಕೆ ಖಾಲಿಯಾಗುವ ವಿಷಯ. ಹೆಚ್ಚಿನ ಕಂಪನಿಗಳು ಫೋನನ್ನು ಸುತ್ತಲಿನ ಗಾಳಿ 35 ಡಿಗ್ರಿ ಒಳಗಿದ್ದಾಗ ಬಳಸಿ ಅನ್ನುತ್ತವೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ನೆರಳಲ್ಲೇ ಅಷ್ಟು ಇರುತ್ತದೆ. ಟ್ರ್ಯಾಕ್ಟರ್ ಮುಂದೆ ಅಥವಾ ಬೈಕಿನ ಹ್ಯಾಂಡಲ್ ಮೇಲೆ ನೇರ ಬಿಸಿಲಿಗೆ ಇಟ್ಟ ಫೋನು ಅದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ. ಫೋನು ತನ್ನನ್ನು ಉಳಿಸಿಕೊಳ್ಳಲು ಸ್ಕ್ರೀನ್ ಮಂಕು ಮಾಡುತ್ತದೆ, ವೇಗ ತಗ್ಗಿಸುತ್ತದೆ, ಚಾರ್ಜ್ ನಿಲ್ಲಿಸುತ್ತದೆ. ಅದು ಕೆಟ್ಟಿದೆ ಅಂತ ಅರ್ಥ ಅಲ್ಲ. ಪೌಚ್ ತೆಗೆದು ನೆರಳಿಗೆ ಇಡಿ, ತಾನೇ ಸರಿಯಾಗುತ್ತದೆ. ಬೇಗ ತಣ್ಣಗಾಗಲಿ ಅಂತ ಫ್ರಿಜ್ಜಿನಲ್ಲಿ ಇಡಬೇಡಿ. ಹೊರಗೆ ತೆಗೆದಾಗ ತೇವ ಕೂತು ಒಳಗಿನ ಬೋರ್ಡಿಗೆ ಪೆಟ್ಟಾಗುತ್ತದೆ. ಬೈಕ್ ಹ್ಯಾಂಡಲ್ಲಿಗೆ ಸಿಕ್ಕಿಸುವ ಅಭ್ಯಾಸ ಇದ್ದರೆ ಇನ್ನೊಂದು ಮಾತು: ಎಂಜಿನ್ನಿನ ನಡುಕ ಕ್ಯಾಮೆರಾ ಒಳಗಿನ ಸೂಕ್ಷ್ಮ ಭಾಗವನ್ನು ಹಾಳು ಮಾಡಬಹುದು.

ಬಿಸಿಲು ಬಿಟ್ಟರೆ ನನ್ನ ಮುಂದಿನ ಅನುಮಾನ ಟವರ್. ಇದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಿಗ್ನಲ್ ಚೆನ್ನಾಗಿದ್ದರೆ ಫೋನು ಮೆಲ್ಲಗೆ ಮಾತಾಡಿದರೂ ಟವರಿಗೆ ಕೇಳಿಸುತ್ತದೆ. ಸಿಗ್ನಲ್ ಒಂದು ಕಡ್ಡಿ ಇದ್ದರೆ ಕೂಗಿ ಕೂಗಿ ಹೇಳಬೇಕು. ಆ ಕೂಗಿಗೆ ಬ್ಯಾಟರಿ ಬೇಕು, ಅದರಿಂದಲೇ ಬಿಸಿಯೂ ಬರುತ್ತದೆ. ತೋಟ ತಗ್ಗಿನಲ್ಲಿದ್ದರೆ ಅಥವಾ ಬಂಡೆಗುಡ್ಡದ ಮರೆಯಲ್ಲಿದ್ದರೆ ದಿನವಿಡೀ ಫೋನು ಇದೇ ಕೆಲಸ ಮಾಡುತ್ತಿರುತ್ತದೆ. 5ಜಿ ಬರುತ್ತಾ ಹೋಗುತ್ತಾ ಇರುವ ಕಡೆ 5ಜಿಗೂ 4ಜಿಗೂ ನಡುವೆ ಹಾರಾಟ ಬೇರೆ.

ಸೆಟ್ಟಿಂಗ್ಸಿನಲ್ಲಿ ಸಿಮ್ ಅಥವಾ ಮೊಬೈಲ್ ನೆಟ್‌ವರ್ಕ್ ಅಂತ ಇರುವಲ್ಲಿಗೆ ಹೋಗಿ. ಯಾವ ನೆಟ್‌ವರ್ಕ್ ಬೇಕು ಅಂತ ಕೇಳುವ ಕಡೆ 4ಜಿ ಆರಿಸಿ ಕೆಲವು ದಿನ ನೋಡಿ. ರೇಟ್ ನೋಡಲು, ದುಡ್ಡು ಕಳಿಸಲು 4ಜಿ ಧಾರಾಳ ಸಾಕು. ಎರಡನೇ ಸಿಮ್ ರೀಚಾರ್ಜ್ ಇಲ್ಲದೆ ಸುಮ್ನೆ ಬಿದ್ದಿದ್ದರೆ ಅದನ್ನು ಅಲ್ಲೇ ಆಫ್ ಮಾಡಿ. ಬಳಸದ ಸಿಮ್ ಕೂಡ ಟವರ್ ಹುಡುಕುತ್ತಲೇ ಇರುತ್ತದೆ. ನೀವು ಗಡಿ ಹತ್ತಿರದವರಾದರೆ ಫೋನು ಒಮ್ಮೊಮ್ಮೆ ಆಂಧ್ರದ ಟವರ್ ಹಿಡಿಯಬಹುದು. ಆಗ ಅದು ರೋಮಿಂಗ್ ಅಂದುಕೊಂಡು, ಡಾಟಾ ರೋಮಿಂಗ್ ಆಫ್ ಇದ್ದರೆ ನೆಟ್ ನಿಲ್ಲಿಸಿಬಿಡುತ್ತದೆ. ಸಿಗ್ನಲ್ ಕಡ್ಡಿ ತುಂಬಾ ಇದ್ದು ನೆಟ್ ಮಾತ್ರ ಬರದಿದ್ದರೆ ಇದನ್ನು ನೋಡಿ.

ಇಷ್ಟು ಮಾಡಿದ ಮೇಲೆ ಬ್ಯಾಟರಿಯ ವಯಸ್ಸಿನ ಪ್ರಶ್ನೆ. ನೂರಕ್ಕೆ ನೂರು ಖರ್ಚಾಗಿ ಮತ್ತೆ ತುಂಬಿದರೆ ಒಂದು ಸುತ್ತು. ಸಾಮಾನ್ಯ ಫೋನ್ ಬ್ಯಾಟರಿ ಸುಮಾರು 500 ಸುತ್ತು ಆಗುವ ಹೊತ್ತಿಗೆ ಮೊದಲಿನ ಶಕ್ತಿಯ ಶೇಕಡಾ 80ಕ್ಕೆ ಇಳಿಯುತ್ತದೆ. ದಿನಕ್ಕೊಂದು ಸುತ್ತು ಅಂದರೂ ಸುಮಾರು ಒಂದು ವರ್ಷ ನಾಲ್ಕು ತಿಂಗಳು. ಇತ್ತೀಚಿನ ಫೋನುಗಳಲ್ಲಿ ಇದಕ್ಕಿಂತ ಜಾಸ್ತಿ ಬರುತ್ತದೆ, ಬಿಸಿಯಲ್ಲಿ ಬಳಸಿದರೆ ಕಡಿಮೆ ಬರುತ್ತದೆ. ನಮ್ಮ ಜಿಲ್ಲೆಯ ನರಸಾಪುರದಲ್ಲೇ ಜೋಡಣೆಯಾಗುವ ಐಫೋನಿನಲ್ಲಾದರೆ ಬ್ಯಾಟರಿ ಎಷ್ಟು ಗಟ್ಟಿ ಉಳಿದಿದೆ ಅಂತ ಸೆಟ್ಟಿಂಗ್ಸಿನಲ್ಲೇ ಶೇಕಡಾ ಲೆಕ್ಕ ಸಿಗುತ್ತದೆ. ಆಂಡ್ರಾಯ್ಡಿನಲ್ಲಿ ಎಲ್ಲ ಫೋನಿಗೂ ಆ ಸೌಲಭ್ಯ ಇಲ್ಲ. ಆದರೆ ಒಂದು ಗುರುತು ತಪ್ಪುವುದಿಲ್ಲ. ಶೇಕಡಾ 30 ಇದ್ದದ್ದು ಇದ್ದಕ್ಕಿದ್ದ ಹಾಗೆ ಸ್ವಿಚ್ ಆಫ್ ಆಗಿ, ಚಾರ್ಜಿಗೆ ಹಾಕಿದ ಕೂಡಲೇ ಮತ್ತೆ 20, 25 ತೋರಿಸಿದರೆ ಬ್ಯಾಟರಿ ಸೋತಿದೆ. ಮೂರು ವರ್ಷದ ಫೋನಿಗೆ ಇದು ಸಹಜ. ಬ್ಯಾಟರಿ ಮಾತ್ರ ಬದಲಾಯಿಸಿದರೆ ಆ ಫೋನು ಇನ್ನೂ ಕೆಲವು ಕಾಲ ನಿಮ್ಮ ಕೆಲಸಕ್ಕೆ ಬರುತ್ತದೆ. ಸಾಧ್ಯವಾದರೆ ಕಂಪನಿ ಸರ್ವಿಸ್ ಸೆಂಟರಿನಲ್ಲೇ ಹಾಕಿಸಿ.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಹಿಂದಿನ ಮುಚ್ಚಳ ಎದ್ದಿದ್ದರೆ, ಸ್ಕ್ರೀನ್ ಅಂಚಿನಲ್ಲಿ ಸಂದು ಕಂಡರೆ, ಮೇಜಿನ ಮೇಲೆ ಇಟ್ಟಾಗ ಫೋನು ಸಮವಾಗಿ ಕೂರದೆ ಗಿರಗಿರ ತಿರುಗಿದರೆ ಬ್ಯಾಟರಿ ಉಬ್ಬಿದೆ. ಆ ಕ್ಷಣದಿಂದ ಚಾರ್ಜ್ ಹಾಕಬೇಡಿ. ಒತ್ತಿ ಕೂರಿಸಬೇಡಿ, ಚುಚ್ಚಬೇಡಿ. ಸ್ವಿಚ್ ಆಫ್ ಮಾಡಿ ಮಕ್ಕಳ ಕೈಗೆ ಸಿಗದ ಕಡೆ, ಹತ್ತಿ, ಕಾಗದ ಇಲ್ಲದ ಜಾಗದಲ್ಲಿಟ್ಟು, ಮರುದಿನವೇ ರಿಪೇರಿಗೆ ಒಯ್ಯಿರಿ. ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡುವ ಮನೆಗಳನ್ನು ನೋಡಿದರೆ ನನಗೆ ಭಯವಾಗುತ್ತದೆ. ಮಗಳಿಗೆ ಇದೊಂದನ್ನು ಖಂಡಿತ ಹೇಳಿ.

ಫೋನು ನೆರಳಿನಲ್ಲಿ, ಯಾರೂ ಮುಟ್ಟದೆ ಇದ್ದಾಗಲೂ ಬಿಸಿ ಇದ್ದರೆ ಒಳಗೆ ಯಾವುದೋ ಆ್ಯಪ್ ಓಡುತ್ತಿರಬಹುದು. ಸೆಟ್ಟಿಂಗ್ಸಿನ ಬ್ಯಾಟರಿ ಭಾಗದಲ್ಲಿ ಯಾವ ಆ್ಯಪ್ ಎಷ್ಟು ತಿಂದಿದೆ ಅಂತ ಪಟ್ಟಿ ಬರುತ್ತದೆ. ಗುರುತಿಲ್ಲದ ಹೆಸರು ಮೇಲೆ ಕಂಡರೆ ಎಚ್ಚರ. ಮದುವೆ ಕರೆಯೋಲೆ, ಟ್ರಾಫಿಕ್ ಚಲನ್, ಪಿಎಂ ಕಿಸಾನ್ ಅಂತ ಹೆಸರಿಟ್ಟು ವಾಟ್ಸಾಪಿನಲ್ಲಿ ಎಪಿಕೆ ಫೈಲ್ (ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಆ್ಯಪ್ ಹಾಕುವ ಫೈಲ್) ಕಳಿಸುವ ಮೋಸ ನಡೆಯುತ್ತಿದೆ. ಅದನ್ನು ಒತ್ತಿ ಇನ್‌ಸ್ಟಾಲ್ ಮಾಡಿದರೆ ನಿಮ್ಮ ಮೆಸೇಜ್, ಒಟಿಪಿ ಎಲ್ಲಾ ಅವರ ಕೈಗೆ. ಗೊತ್ತಿರುವವರ ನಂಬರಿನಿಂದ ಬಂದರೂ ಒತ್ತಬೇಡಿ, ಅವರ ಫೋನೂ ಸಿಕ್ಕಿಹಾಕಿಕೊಂಡಿರಬಹುದು. ಈಗಾಗಲೇ ಒತ್ತಿದ್ದರೆ ಮೊದಲು ನೆಟ್ ಆಫ್ ಮಾಡಿ, ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಹೇಳಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆಮೇಲೆ ಫೋನನ್ನು ಸೇಫ್ ಮೋಡಿನಲ್ಲಿ ತೆರೆದು ಆ ಆ್ಯಪ್ ತೆಗೆಯಬಹುದು. ಹೆಚ್ಚಿನ ಫೋನುಗಳಲ್ಲಿ ಪವರ್ ಆಫ್ ಅಂತ ಸ್ಕ್ರೀನ್ ಮೇಲೆ ಬಂದಾಗ ಅದನ್ನು ಒತ್ತಿ ಹಿಡಿದರೆ ಸೇಫ್ ಮೋಡ್ ಕೇಳುತ್ತದೆ. ಅಲ್ಲಿ ನೀವು ಹಾಕಿಕೊಂಡ ಆ್ಯಪ್ ಯಾವುದೂ ಓಡುವುದಿಲ್ಲ. ಹಾಗೆ ಓಡದಿದ್ದಾಗ ಬಿಸಿಯೂ ನಿಂತರೆ ಕಾರಣ ಆ್ಯಪೇ ಅಂತ ಖಾತ್ರಿ. ಮಾಮೂಲಿಗೆ ಬರಲು ಒಮ್ಮೆ ರೀಸ್ಟಾರ್ಟ್ ಮಾಡಿ.

ಸ್ಟೋರೇಜ್ ಫುಲ್ ಅನ್ನುವುದಕ್ಕೆ ನಿಮ್ಮ ಮನೆಯಲ್ಲಿ ಕಾರಣ ಬಹುಶಃ ವಾಟ್ಸಾಪ್. ಮಾರುಕಟ್ಟೆ ಗ್ರೂಪು, ಊರ ಗ್ರೂಪು, ಶಾಲೆ ಗ್ರೂಪು, ಎಲ್ಲಾ ಕಡೆ ಬೆಳಿಗ್ಗೆಯಿಂದ ಶುಭೋದಯದ ಚಿತ್ರ, ವಿಡಿಯೊ. ನೀವು ನೋಡದಿದ್ದರೂ ಅವು ಫೋನಿಗೆ ಇಳಿದಿರುತ್ತವೆ. ವಾಟ್ಸಾಪ್ ಸೆಟ್ಟಿಂಗ್ಸಿನಲ್ಲಿ 'ಸ್ಟೋರೇಜ್ ಅಂಡ್ ಡಾಟಾ' ಅಂತ ಇದೆ, ಅದರ ಒಳಗೆ 'ಮ್ಯಾನೇಜ್ ಸ್ಟೋರೇಜ್'. ಅಲ್ಲಿ 5 ಎಂಬಿಗಿಂತ ದೊಡ್ಡ ಫೈಲುಗಳು ಒಂದು ಕಡೆ, ಹಲವು ಸಲ ಫಾರ್ವರ್ಡ್ ಆದವು ಒಂದು ಕಡೆ ಬಂದಿರುತ್ತವೆ. ಬೇಕಾದ್ದನ್ನು ಬಿಟ್ಟು ಉಳಿದದ್ದು ಅಳಿಸಿ. ಆಮೇಲೆ ಹಿಂದೆ ಬಂದು ಆಟೊ ಡೌನ್‌ಲೋಡ್ ಆಫ್ ಮಾಡಿ. ಇಲ್ಲದಿದ್ದರೆ ತಿಂಗಳಲ್ಲಿ ಮತ್ತೆ ತುಂಬುತ್ತದೆ. ಗ್ಯಾಲರಿಯಲ್ಲಿ ಅಳಿಸಿದ ಫೋಟೊ ತಿಂಗಳ ಕಾಲ ಕಸದಬುಟ್ಟಿಯಲ್ಲೇ ಜಾಗ ಹಿಡಿದಿರುತ್ತದೆ, ಅದನ್ನೂ ಖಾಲಿ ಮಾಡಿ. ಒಟ್ಟು ಜಾಗದಲ್ಲಿ ಹತ್ತನೇ ಒಂದು ಪಾಲಾದರೂ ಖಾಲಿ ಇರಲಿ. ಪೂರ್ತಿ ತುಂಬಿದ ಫೋನು ಹ್ಯಾಂಗ್ ಆಗದೆ ಇರುವುದಿಲ್ಲ, ನಿಮ್ಮ ಹ್ಯಾಂಗಿಗೆ ಇದೇ ಕಾರಣ ಅಂತ ನನಗೆ ಅನ್ನಿಸುತ್ತದೆ.

ಇಲ್ಲಿ ಎರಡು ಬಟನ್ ಅಕ್ಕಪಕ್ಕ ಬರುತ್ತವೆ, ಜೋಪಾನ. ಆ್ಯಪ್ ಮಾಹಿತಿಯಲ್ಲಿ 'ಕ್ಲಿಯರ್ ಕ್ಯಾಶ್' ಒತ್ತಿದರೆ ತೊಂದರೆ ಇಲ್ಲ, ತಾತ್ಕಾಲಿಕ ಫೈಲು ಮಾತ್ರ ಹೋಗುತ್ತದೆ. 'ಕ್ಲಿಯರ್ ಡಾಟಾ' ಅಥವಾ 'ಕ್ಲಿಯರ್ ಸ್ಟೋರೇಜ್' ಒತ್ತಿದರೆ ವಾಟ್ಸಾಪಿನ ಮಾತುಕತೆ ಎಲ್ಲಾ ಅಳಿಸಿಹೋಗುತ್ತದೆ. ಬ್ಯಾಕಪ್ ಇಲ್ಲದಿದ್ದರೆ ಹೋದದ್ದು ಹೋದಂತೆ. ಫೋನ್ ಸ್ವಚ್ಛ ಮಾಡುತ್ತೇವೆ ಅನ್ನುವ ಕ್ಲೀನರ್ ಆ್ಯಪ್‌ಗಳನ್ನೂ ಹಾಕಬೇಡಿ. ಅವುಗಳಿಂದ ಜಾಹೀರಾತು ಬರುವುದೇ ಜಾಸ್ತಿ.

ದುಡ್ಡು ಕಳಿಸುವಾಗ ಹ್ಯಾಂಗ್ ಆದರೆ ಗಾಬರಿಯಲ್ಲಿ ಎರಡನೇ ಸಲ ಕಳಿಸಬೇಡಿ. ಮೊದಲು ಆ್ಯಪಿನ ಹಿಸ್ಟರಿ ನೋಡಿ, ಬ್ಯಾಂಕಿನ ಮೆಸೇಜ್ ನೋಡಿ. ನಿಮ್ಮ ಖಾತೆಯಿಂದ ಹೋಗಿ ಅವರಿಗೆ ತಲುಪದಿದ್ದರೆ ಅದು ತಾನಾಗಿ ವಾಪಸ್ ಬರಬೇಕು. ರಿಸರ್ವ್ ಬ್ಯಾಂಕು 2019ರಲ್ಲೇ ಇದಕ್ಕೆ ಗಡುವು ಹಾಕಿದೆ. ಯುಪಿಐನಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿದ್ದಾದರೆ ಮರುದಿನದೊಳಗೆ, ಅಂಗಡಿಗೆ ಕಳಿಸಿದ್ದಾದರೆ ಐದು ದಿನದೊಳಗೆ. ಅದು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಇದನ್ನು ಬ್ಯಾಂಕಿನಲ್ಲಿ ಧೈರ್ಯವಾಗಿ ಕೇಳಿ. ಹಾಗೆಯೇ ಫೋನಿನ ದಿನಾಂಕ, ಸಮಯ ಆಟೊಮ್ಯಾಟಿಕ್ ಆಗಿದೆಯಾ ನೋಡಿ. ತಾರೀಖು ತಪ್ಪಿದ್ದರೆ ನೆಟ್ ಇದ್ದರೂ ವಾಟ್ಸಾಪ್, ಬ್ಯಾಂಕ್ ಆ್ಯಪ್ ತೆರೆಯುವುದಿಲ್ಲ.

ಕಾಲ್ ಮಾಡುವಾಗ ಸ್ಕ್ರೀನ್ ಕಪ್ಪಾಗುವುದಕ್ಕೆ ಉತ್ತರ ಚಿಕ್ಕದು. ಫೋನು ಕಿವಿಗೆ ಹತ್ತಿರ ಇದೆಯಾ ಅಂತ ನೋಡಲು ಮೇಲ್ಭಾಗದಲ್ಲಿ ಒಂದು ಸೆನ್ಸರ್ ಇರುತ್ತದೆ. ಅಳತೆ ತಪ್ಪಿದ ಸ್ಕ್ರೀನ್ ಗಾರ್ಡ್ ಅಥವಾ ಕೊಳೆ ಅದನ್ನು ಮುಚ್ಚಿದರೆ, ಫೋನು ಇನ್ನೂ ಕಿವಿಯ ಹತ್ತಿರವೇ ಇದೆ ಅಂದುಕೊಳ್ಳುತ್ತದೆ. ಗಾರ್ಡ್ ತೆಗೆದು ಒರೆಸಿ ಒಂದು ಕಾಲ್ ಮಾಡಿ ನೋಡಿ. ಹೆಚ್ಚಿನ ಕಡೆ ಅಲ್ಲಿಗೇ ಮುಗಿಯುತ್ತದೆ.

ಫಾರ್ಮ್ಯಾಟ್ ಯಾಕೆ ಬೇಡ ಅಂದೆ ಅಂದರೆ, ಮೇಲೆ ಹೇಳಿದ್ದರಲ್ಲಿ ಚಾರ್ಜರ್, ಕೇಬಲ್, ಜಾಕ್, ಬಿಸಿಲು, ಟವರ್, ಬ್ಯಾಟರಿ, ಇವು ಯಾವುವೂ ಫಾರ್ಮ್ಯಾಟಿನಿಂದ ಸರಿಯಾಗುವುದಿಲ್ಲ. ಮಗಳ ಚಿಕ್ಕಂದಿನ ಫೋಟೊ, ಮಂಡಿಯವರ ಲೆಕ್ಕದ ಮೆಸೇಜು ಮಾತ್ರ ಹೋಗುತ್ತದೆ. ಮುಂದೆ ಯಾವತ್ತಾದರೂ ಮಾಡಲೇಬೇಕಾಗಿ ಬಂದರೆ ಮೊದಲು ನಂಬರುಗಳು, ಫೋಟೊ, ವಾಟ್ಸಾಪ್ ಎಲ್ಲಾ ಬ್ಯಾಕಪ್ ಆಗಿದೆಯಾ ನೋಡಿ. ಗೂಗಲ್ ಖಾತೆಯಲ್ಲಿ 15 ಜಿಬಿ ಉಚಿತ, ಈಗ ಆಂಡ್ರಾಯ್ಡಿನ ವಾಟ್ಸಾಪ್ ಬ್ಯಾಕಪ್ಪೂ ಅದರ ಲೆಕ್ಕಕ್ಕೇ ಬರುತ್ತದೆ. ನಿಮ್ಮ ಜಿಮೇಲ್ ಮತ್ತು ಅದರ ಪಾಸ್‌ವರ್ಡ್ ಗೊತ್ತಿರಲೇಬೇಕು. ಪಾಸ್‌ವರ್ಡ್ ಗೊತ್ತಿಲ್ಲದೆ ಫಾರ್ಮ್ಯಾಟ್ ಮಾಡಿಸಿದರೆ ಫೋನು ಹಳೆಯ ಖಾತೆ ಕೇಳುತ್ತಾ ಬೀಗ ಹಾಕಿಕೊಂಡು ಕೂರುತ್ತದೆ. ಅಂಗಡಿಯವರೇ ಖಾತೆ ತೆರೆದುಕೊಟ್ಟಿದ್ದರೆ ಇವತ್ತೇ ಪಾಸ್‌ವರ್ಡ್ ಬದಲಾಯಿಸಿ, ಒಂದು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡಿ.

ರಿಪೇರಿಗೆ ಕೊಡುವಾಗ ಸಿಮ್, ಮೆಮೊರಿ ಕಾರ್ಡ್ ತೆಗೆದುಕೊಳ್ಳಿ. ಕೆಲವು ಫೋನುಗಳಲ್ಲಿ ಮೆಂಟೆನೆನ್ಸ್ ಮೋಡ್ ಅಥವಾ ರಿಪೇರಿ ಮೋಡ್ ಇದೆ, ಅದನ್ನು ಹಾಕಿ ಕೊಟ್ಟರೆ ನಿಮ್ಮ ಫೋಟೊ, ಮೆಸೇಜ್ ಅವರಿಗೆ ಕಾಣುವುದಿಲ್ಲ. ಯುಪಿಐ ಪಿನ್ ಯಾರು ಕೇಳಿದರೂ ಕೊಡಬೇಡಿ, ರಿಪೇರಿಗೆ ಅದು ಬೇಕಾಗುವುದೇ ಇಲ್ಲ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ಹಳೆಯ ಬ್ಯಾಟರಿ ಮಾತ್ರ ಅಲ್ಲೇ ಬಿಡಿ. ಬಿಲ್ ತೆಗೆದುಕೊಳ್ಳಿ. ಬಿಲ್ ಇದ್ದು ಮೋಸ ಆದರೆ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು, ಅದು ಗ್ರಾಹಕರ ಸಹಾಯವಾಣಿ. ಸ್ಟಾರ್ ಹ್ಯಾಷ್ 06 ಹ್ಯಾಷ್ ಒತ್ತಿದರೆ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರ್ ಬರುತ್ತದೆ, ಅದನ್ನೂ ಬರೆದಿಟ್ಟುಕೊಳ್ಳಿ. ಫೋನು ಕಳೆದರೆ ಪೊಲೀಸ್ ದೂರು ಕೊಟ್ಟು, 'ಸಂಚಾರ್ ಸಾಥಿ' ಅನ್ನುವ ಸರ್ಕಾರದ ತಾಣದಲ್ಲಿ ಆ ನಂಬರ್ ಹಾಕಿ ಫೋನನ್ನು ಬ್ಲಾಕ್ ಮಾಡಿಸಬಹುದು.

ಹಾಗಾದರೆ ಹೊಸದು ಯಾವಾಗ? ಆಂಡ್ರಾಯ್ಡ್ ತುಂಬಾ ಹಳೆಯದಾಗಿ ಬ್ಯಾಂಕ್ ಆ್ಯಪ್ 'ಈ ಫೋನಿನಲ್ಲಿ ನಡೆಯುವುದಿಲ್ಲ' ಅಂದಾಗ. ಕಂಪನಿಯಿಂದ ಸೆಕ್ಯುರಿಟಿ ಅಪ್‌ಡೇಟ್ ಬರುವುದು ನಿಂತು ಬಹಳ ಕಾಲವಾಗಿದ್ದು, ದುಡ್ಡಿನ ವ್ಯವಹಾರ ಅದರಲ್ಲೇ ಮಾಡುತ್ತಿದ್ದಾಗ. ಬೋರ್ಡೇ ಹೋಗಿ ರಿಪೇರಿ ಖರ್ಚು ಹೊಸ ಫೋನಿನ ಅರ್ಧ ದಾಟಿದಾಗ. ನಿಮ್ಮ ಪತ್ರದಲ್ಲಿ ಈ ಮೂರೂ ಕಾಣಲಿಲ್ಲ. ಸೆಟ್ಟಿಂಗ್ಸಿನಲ್ಲಿ 'ಅಬೌಟ್ ಫೋನ್' ತೆರೆದು ಆಂಡ್ರಾಯ್ಡ್ ಯಾವುದು, ಕೊನೆಯ ಸೆಕ್ಯುರಿಟಿ ಅಪ್‌ಡೇಟ್ ಯಾವ ತಿಂಗಳದ್ದು ಅಂತ ನೋಡಿ. ಬೇರೆ ಚಾರ್ಜರಿನಲ್ಲಿ ಏನಾಯಿತು ಅನ್ನುವುದರ ಜೊತೆ ಅದನ್ನೂ ಬರೆದು ಕಳಿಸಿ. ಆ ಸಂತೆ ಚಾರ್ಜರಿನ ಫೋಟೊ ಇದ್ದರೆ ಅದನ್ನೂ ಕಳಿಸಿ, ಬ್ಯಾಟರಿ ಹಾಕಿಸಬೇಕೋ ಬೇಡವೋ ಆಗ ಹೇಳುತ್ತೇನೆ.